4 ಎಂಬಿ ಜಾಗದಲ್ಲಿ ಲಿನಕ್ಸ್: ಡಬ್ಲ್ಯೂಆರ್‌ಟಿ54ಜಿ ರೌಟರ್‌ನ ಪ್ರಕರಣ

ರೌಟರ್‌ಗೆ ಬೇರೆ ಫರ್ಮ್‌ವೇರ್ (ಅದರೊಳಗೆ ಓಡುವ ಸಾಫ್ಟ್‌ವೇರ್) ಹಾಕುವ ಮಾತು ಬಂದಾಗ ಲಿಂಕ್‌ಸಿಸ್‌ನ ಡಬ್ಲ್ಯೂಆರ್‌ಟಿ54ಜಿ ಹೆಸರು ಬಂದೇ ಬರುತ್ತದೆ. ನೀಲಿ-ಕಪ್ಪು ಪ್ಲಾಸ್ಟಿಕ್ ಡಬ್ಬಿ, ಹಿಂಬದಿಗೆ ಎರಡು ಆಂಟೆನಾ. 2002ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂತು. ಓಪನ್‌ಡಬ್ಲ್ಯೂಆರ್‌ಟಿ ಎಂಬ ಫರ್ಮ್‌ವೇರ್ ಹುಟ್ಟಿದ್ದು ಇದೇ ಡಬ್ಬಿಯ ಮೇಲೆ, ಹೆಸರು ಕೂಡ ಇದರದ್ದೇ.

ಕಂಪನಿ ಇದರ ಸೋರ್ಸ್ ಕೋಡ್ (ಮನುಷ್ಯರು ಬರೆದ ಮೂಲ ಪ್ರೋಗ್ರಾಂ) ಹೊರಗೆ ಬಿಡಬೇಕಾಗಿ ಬಂದ ಕಥೆಯನ್ನು, ಸೋರ್ಸ್ ಹಂಚಲೇಬೇಕು ಅನ್ನುವ ಜಿಪಿಎಲ್ ಲೈಸೆನ್ಸ್‌ನ ಗೆಲುವು ಅಂತ ಹೇಳುವುದು ರೂಢಿ. ಗೆಲುವು ಹೌದು. ಆದರೆ ಸೋರ್ಸ್ ಕೋಡ್ ಕೈಗೆ ಬಂದ ಮೇಲೆ ಆ ಬೋರ್ಡ್ ಎಷ್ಟು ದೂರ ಹೋಯಿತು, ಎಲ್ಲಿ ನಿಂತಿತು, ಯಾಕೆ ನಿಂತಿತು ಅಂತ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅದರ ಆಯಸ್ಸನ್ನು ತೀರ್ಮಾನಿಸಿದ್ದು 4 ಎಂಬಿ ಫ್ಲ್ಯಾಶ್ (ಕರೆಂಟ್ ಹೋದರೂ ಉಳಿಯುವ ಸಂಗ್ರಹ), 16 ಎಂಬಿ ರ್ಯಾಮ್ ಮತ್ತು ಸೋರ್ಸ್ ಸಿಗದ ಒಂದು ವೈಫೈ ಡ್ರೈವರ್ (ವೈಫೈ ಚಿಪ್ ನಡೆಸುವ ಪ್ರೋಗ್ರಾಂ). ಇವತ್ತು ಸಣ್ಣ ಬೋರ್ಡ್ ಕೊಂಡು ಓಪನ್ ಸೋರ್ಸ್ ಫರ್ಮ್‌ವೇರ್ ಓಡಿಸಬೇಕು ಅನ್ನುವವರು ಈ ಭಾಗವನ್ನೇ ಮೊದಲು ತಿಳಿಯಬೇಕು ಅಂತ ನನ್ನ ನಂಬಿಕೆ. ಅದಕ್ಕೇ ಇಡೀ ಪ್ರಕರಣವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಕೋಡ್ ಹೊರಗೆ ಬಂದ ಬಗೆ

2003ರ ಮಾರ್ಚ್‌ನಲ್ಲಿ ಸಿಸ್ಕೊ ಕಂಪನಿ ಲಿಂಕ್‌ಸಿಸ್ ಅನ್ನು ಸುಮಾರು 50 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು. ಅದೇ ವರ್ಷ ಜೂನ್‌ನಲ್ಲಿ ಆಂಡ್ರ್ಯೂ ಮಿಕ್ಲಾಸ್ ಎಂಬುವರು ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಡೆವಲಪರ್‌ಗಳ ಮೇಲಿಂಗ್ ಲಿಸ್ಟ್‌ಗೆ ಒಂದು ಪತ್ರ ಹಾಕಿದರು. ಈ ರೌಟರ್‌ನ ಫರ್ಮ್‌ವೇರ್ ಫೈಲ್ ಬಿಚ್ಚಿ ನೋಡಿದರೆ ಒಳಗೆ ಲಿನಕ್ಸ್ ಕರ್ನಲ್ ಇದೆ, ಜಿಪಿಎಲ್ ಅಡಿ ಬರುವ ಬೇರೆ ಪ್ರೋಗ್ರಾಂಗಳೂ ಇವೆ, ಸೋರ್ಸ್ ಮಾತ್ರ ಎಲ್ಲೂ ಕೊಟ್ಟಿಲ್ಲ ಎಂಬುದು ಪತ್ರದ ಸಾರ.

ಜಿಪಿಎಲ್ ಎರಡನೇ ಆವೃತ್ತಿಯ ನಿಯಮ ಇಲ್ಲಿ ಸರಳ. ಪ್ರೋಗ್ರಾಂ ಅನ್ನು ಬೈನರಿ (ಯಂತ್ರ ಮಾತ್ರ ಓದುವ) ರೂಪದಲ್ಲಿ ಕೊಟ್ಟರೆ ಅದರ ಸೋರ್ಸ್ ಕೂಡ ಕೊಡಬೇಕು, ಇಲ್ಲವೇ ಕೇಳಿದವರಿಗೆ ಕೊಡುತ್ತೇವೆ ಅಂತ ಬರೆದುಕೊಡಬೇಕು. ಚಿಪ್ ಬ್ರಾಡ್‌ಕಾಮ್‌ನದು, ಡಬ್ಬಿ ತಯಾರಿಸಿದ್ದು ತೈವಾನ್‌ನ ಸೈಬರ್‌ಟ್ಯಾನ್, ಮೇಲಿನ ಹೆಸರು ಲಿಂಕ್‌ಸಿಸ್, ಮಾಲೀಕ ಸಿಸ್ಕೊ. ಸಾಫ್ಟ್‌ವೇರ್ ಇಷ್ಟು ಕೈ ದಾಟಿ ಬರುವಾಗ ಒಳಗೆ ಏನಿದೆ ಅಂತ ಕೊನೆಯವರು ಕೇಳಿರಲೇ ಇಲ್ಲ ಅನ್ನಿಸುತ್ತದೆ. ಆದರೆ ಗ್ರಾಹಕನಿಗೆ ಕೊಡುವವರು ಯಾರೋ ಹೊಣೆ ಅವರದ್ದೇ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಮತ್ತು ಕೆಲವು ಡೆವಲಪರ್‌ಗಳು ಒತ್ತಾಯ ಮಾಡಿದರು. ಜುಲೈ ಹೊತ್ತಿಗೆ ಲಿಂಕ್‌ಸಿಸ್ ಸೋರ್ಸ್ ಬಿಡುಗಡೆ ಮಾಡಿತು.

ಜಗಳ ಅಲ್ಲಿಗೇ ತೀರಲಿಲ್ಲ. ಲಿಂಕ್‌ಸಿಸ್‌ನ ಬೇರೆ ಬೇರೆ ಸಾಧನಗಳ ವಿಷಯದಲ್ಲಿ ಫೌಂಡೇಶನ್ 2008ರ ಡಿಸೆಂಬರ್‌ನಲ್ಲಿ ಸಿಸ್ಕೊ ಮೇಲೆ ನ್ಯೂಯಾರ್ಕ್‌ನಲ್ಲಿ ಮೊಕದ್ದಮೆ ಹೂಡಿತು. 2009ರ ಮೇ ತಿಂಗಳಲ್ಲಿ ರಾಜಿ ಆಯಿತು. ಲೈಸೆನ್ಸ್ ಪಾಲನೆ ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ನೇಮಿಸಲು ಸಿಸ್ಕೊ ಒಪ್ಪಿತು, ಫೌಂಡೇಶನ್‌ಗೆ ದೇಣಿಗೆಯನ್ನೂ ಕೊಟ್ಟಿತು.

ಓಪನ್‌ಡಬ್ಲ್ಯೂಆರ್‌ಟಿ ಶುರುವಾದದ್ದು 2004ರ ಜನವರಿಯಲ್ಲಿ. ಮೊದಲ ಆವೃತ್ತಿಗಳು ಲಿಂಕ್‌ಸಿಸ್ ಬಿಟ್ಟ ಸೋರ್ಸ್ ಮತ್ತು ಬಿಲ್ಡ್‌ರೂಟ್ ಎಂಬ ಬಿಲ್ಡ್ ವ್ಯವಸ್ಥೆಯ ಮೇಲೆ ನಿಂತಿದ್ದವು. ಡಿಡಿ-ಡಬ್ಲ್ಯೂಆರ್‌ಟಿ, ಟೊಮ್ಯಾಟೊ ಮುಂತಾದವೂ ಇದೇ ಮೂಲದಿಂದ ಬೆಳೆದವು. ಅವು ತಯಾರಾದ ಒಂದೇ ಫೈಲ್ ಕೊಟ್ಟು ಹಾಕಿಕೊಳ್ಳಿ ಅನ್ನುತ್ತಿದ್ದವು. ಓಪನ್‌ಡಬ್ಲ್ಯೂಆರ್‌ಟಿ ಚಿಕ್ಕ ಬುನಾದಿ ಕೊಟ್ಟು ಬೇಕಾದ ಪ್ಯಾಕೇಜ್ ನೀವೇ ಸೇರಿಸಿಕೊಳ್ಳಿ ಅಂದಿತು. ಮೊದಮೊದಲು ಇದರಿಂದ ಬಳಸುವವರಿಗೆ ಕಷ್ಟವಾಯಿತು. ಆದರೆ ಮುಂದೆ ನೂರಾರು ಬೇರೆ ಬೋರ್ಡ್‌ಗಳಿಗೆ ಹರಡಲು ಇದೇ ದಾರಿ ಅನುಕೂಲವಾಯಿತು.

ಪಿಂಗ್ ಪುಟದ ತೂತು

ಹೊಸ ಫರ್ಮ್‌ವೇರ್ ಹಾಕುವುದು ಕಷ್ಟದ ಕೆಲಸವೇನೂ ಆಗಿರಲಿಲ್ಲ. ರೌಟರ್‌ನ ಅಪ್‌ಗ್ರೇಡ್ ಪುಟದಿಂದಲೇ ಫೈಲ್ ಕೊಡಬಹುದಿತ್ತು. ಹೆದರಿಕೆ ಇದ್ದದ್ದು ಆಮೇಲಿನದಕ್ಕೆ. ಹಾಕಿದ್ದು ಏಳದೇ ಹೋದರೆ? ಡಬ್ಬಿ ಬ್ರಿಕ್ (ಇಟ್ಟಿಗೆಯಂತೆ ಕೆಲಸಕ್ಕೆ ಬಾರದ್ದು) ಆದರೆ? ಅದಕ್ಕೆ ಜನ ಕಂಡುಕೊಂಡ ಉಪಾಯ ನನಗೆ ಈ ಇಡೀ ಪ್ರಕರಣದಲ್ಲಿ ತುಂಬಾ ಇಷ್ಟವಾದ ಭಾಗ.

ಕಂಪನಿಯ ಫರ್ಮ್‌ವೇರ್‌ನಲ್ಲಿ ನೆಟ್‌ವರ್ಕ್ ಪರೀಕ್ಷೆಗೆ ಒಂದು ಪಿಂಗ್ ಪುಟ ಇತ್ತು. ಐಪಿ ವಿಳಾಸ ಟೈಪ್ ಮಾಡಿ ಬಟನ್ ಒತ್ತಬೇಕು. ಹಳೆಯ ಆವೃತ್ತಿಗಳಲ್ಲಿ ಆ ಪುಟ ನೀವು ಬರೆದದ್ದನ್ನು ಸರಿಯಾಗಿ ನೋಡದೆ ಹಾಗೇ ಲಿನಕ್ಸ್ ಶೆಲ್‌ಗೆ (ಕಮಾಂಡ್ ಓಡಿಸುವ ಪ್ರೋಗ್ರಾಂಗೆ) ದಾಟಿಸುತ್ತಿತ್ತು. ವಿಳಾಸದ ಜಾಗದಲ್ಲಿ ಸೆಮಿಕೋಲನ್ ಹಾಕಿ ಮುಂದೆ ಒಂದು ಕಮಾಂಡ್ ಬರೆದರೆ ಅದೂ ಓಡುತ್ತಿತ್ತು. ಸ್ಪೇಸ್ ಬೇಕಾದ ಕಡೆ ಸ್ಪೇಸ್ ಬದಲು ಐಎಫ್‌ಎಸ್ ಎಂಬ ಶೆಲ್ ವೇರಿಯಬಲ್ ಬರೆಯುತ್ತಿದ್ದರು. ಮೂರು ಸಲ ಟೈಪ್ ಮಾಡಿದರೆ ಕೆಲಸ ಮುಗಿಯಿತು. ಮೊದಲು ಸೆಟ್ಟಿಂಗ್ ಬದಲಿಸುವ ಎನ್‌ವಿರ್ಯಾಮ್ ಎಂಬ ಪ್ರೋಗ್ರಾಂ ಅನ್ನು ಟೆಂಪ್ ಫೋಲ್ಡರ್‌ಗೆ ಒಂದಕ್ಷರದ ಚಿಕ್ಕ ಹೆಸರಿನಲ್ಲಿ ಕಾಪಿ ಮಾಡುವುದು. ಎರಡನೆಯದು ಬೂಟ್-ವೇಟ್ ಎಂಬ ಸೆಟ್ಟಿಂಗ್ ಆನ್ ಮಾಡುವುದು. ಮೂರನೆಯದು ಅದನ್ನು ಫ್ಲ್ಯಾಶ್‌ಗೆ ಉಳಿಸುವುದು. ಚಿಕ್ಕ ಹೆಸರು ಯಾಕೆಂದರೆ ವಿಳಾಸದ ಜಾಗದಲ್ಲಿ ಹೆಚ್ಚು ಅಕ್ಷರ ಹಿಡಿಸುತ್ತಿರಲಿಲ್ಲ.

ಬೂಟ್-ವೇಟ್ ಆನ್ ಇದ್ದರೆ ಪವರ್ ಕೊಟ್ಟ ಕೂಡಲೇ ಬೂಟ್‌ಲೋಡರ್ (ಲಿನಕ್ಸ್ ಅನ್ನು ಎಬ್ಬಿಸುವ ಚಿಕ್ಕ ಪ್ರೋಗ್ರಾಂ) ಕೆಲವು ಸೆಕೆಂಡ್ ಕಾಯುತ್ತದೆ. ಆ ಹೊತ್ತಿನಲ್ಲಿ 192.168.1.1 ವಿಳಾಸಕ್ಕೆ ಟಿಎಫ್‌ಟಿಪಿ (ಫೈಲ್ ಕಳಿಸುವ ಸರಳ ಕ್ರಮ) ಮೂಲಕ ಯಾರಾದರೂ ಫರ್ಮ್‌ವೇರ್ ಕಳಿಸಿದರೆ ತೆಗೆದುಕೊಂಡು ಫ್ಲ್ಯಾಶ್‌ಗೆ ಬರೆಯುತ್ತದೆ. ಕಂಪ್ಯೂಟರ್‌ಗೆ ಅದೇ ಸಾಲಿನ ಒಂದು ಐಪಿ ಕೈಯಾರೆ ಕೊಡಬೇಕು. ಎತರ್ನೆಟ್ ಕೇಬಲ್ ಲ್ಯಾನ್ ಪೋರ್ಟ್‌ಗೆ ಹಾಕಬೇಕು. ಟಿಎಫ್‌ಟಿಪಿಯನ್ನು ಬೈನರಿ ಮೋಡ್‌ನಲ್ಲಿಟ್ಟು, ಸೆಕೆಂಡಿಗೊಮ್ಮೆ ಮತ್ತೆ ಯತ್ನಿಸು ಅಂತ ಹೇಳಿ ಫೈಲ್ ಕಳಿಸಲು ಬಿಡಬೇಕು. ಆಮೇಲೆ ರೌಟರ್‌ಗೆ ಪವರ್ ಕೊಡಬೇಕು. ಒಳಗಿನ ಲಿನಕ್ಸ್ ಎಷ್ಟೇ ಕೆಟ್ಟಿರಲಿ, ಬೂಟ್‌ಲೋಡರ್ ಸರಿ ಇದ್ದರೆ ಡಬ್ಬಿ ಎದ್ದು ಬರುತ್ತಿತ್ತು.

ಅದೂ ಹೋದರೆ ಮುಚ್ಚಳ ತೆಗೆಯಬೇಕು. ಬೋರ್ಡ್ ಮೇಲೆ ಸೀರಿಯಲ್ ಪೋರ್ಟ್‌ಗೆ ಒಂದು ಸಾಲು, ಚಿಪ್‌ಗೆ ನೇರ ಕೈ ಹಾಕಲು ಬಿಡುವ ಜೆಟ್ಯಾಗ್‌ಗೆ ಒಂದು ಸಾಲು ತೂತುಗಳು ಇದ್ದವು. ಪಿನ್ ಬೆಸುಗೆ ಹಾಕಿ, ಕೇಬಲ್ ಸಿಕ್ಕಿಸಿ, ಬೂಟ್‌ಲೋಡರ್ ಅನ್ನೇ ಮತ್ತೆ ಬರೆಯಬಹುದಿತ್ತು. ಸೀರಿಯಲ್ ಪಿನ್‌ಗಳು 3.3 ವೋಲ್ಟ್‌ನವು. ಹಳೆ ಕಂಪ್ಯೂಟರ್‌ನ ಸೀರಿಯಲ್ ಪೋರ್ಟ್‌ಗೆ ನೇರ ಸಿಕ್ಕಿಸಿದರೆ ಚಿಪ್ ಸುಟ್ಟೇ ಹೋಗುತ್ತದೆ, ನಡುವೆ ವೋಲ್ಟೇಜ್ ಬದಲಿಸುವ ಚಿಪ್ ಬೇಕು. ಈ ಮಾತು ಇವತ್ತಿನ ಬೋರ್ಡ್‌ಗಳಿಗೂ ಅಷ್ಟೇ ಸತ್ಯ.

ಪಿಂಗ್ ಪುಟದ ತೂತನ್ನು ಲಿಂಕ್‌ಸಿಸ್ ಮುಂದಿನ ಆವೃತ್ತಿಗಳಲ್ಲಿ ಮುಚ್ಚಿತು. ಭದ್ರತೆ ದೃಷ್ಟಿಯಿಂದ ಅದು ಸರಿಯಾದ ಕೆಲಸವೇ. ಅದು ನಮಗೆ ಉಪಯೋಗಕ್ಕೆ ಬಂದ ಹಾಗೆ ಕಳ್ಳರಿಗೂ ಬರುತ್ತಿತ್ತು, ಅಲ್ವಾ. ಆದರೆ ಬೂಟ್-ವೇಟ್ ಆನ್ ಮಾಡಲು ಒಂದು ಚೆಕ್‌ಬಾಕ್ಸ್ ಇಟ್ಟಿದ್ದರೆ ಸಾಕಿತ್ತು. ದುಡ್ಡು ಕೊಟ್ಟು ಕೊಂಡವನು ತನ್ನದೇ ಡಬ್ಬಿಗೆ ಕಿಟಕಿಯಿಂದ ಹತ್ತಿ ಹೋಗಬೇಕಾಗಿತ್ತು. ಇದು ಈಗಲೂ ಬಹಳ ರೌಟರ್‌ಗಳ ಪಾಡು.

3,776 ಕೆಬಿಯ ಲೆಕ್ಕ

ಫ್ಲ್ಯಾಶ್ ಒಟ್ಟು 4 ಎಂಬಿ, ಅಂದರೆ 4,096 ಕೆಬಿ. ಅದರಲ್ಲಿ ಬೂಟ್‌ಲೋಡರ್‌ಗೆ 256 ಕೆಬಿ, ಕೊನೆಯಲ್ಲಿ ಸೆಟ್ಟಿಂಗ್‌ಗಳನ್ನು ಇಡುವ ಎನ್‌ವಿರ್ಯಾಮ್‌ಗೆ 64 ಕೆಬಿ. ಉಳಿದದ್ದು 3,776 ಕೆಬಿ. ಕರ್ನಲ್, ಪ್ರೋಗ್ರಾಂಗಳು, ನಿಮ್ಮ ಫೈಲ್‌ಗಳು ಎಲ್ಲವೂ ಇಷ್ಟರಲ್ಲೇ ಹಿಡಿಯಬೇಕು. ಇವತ್ತು ಫೋನ್‌ನಲ್ಲಿ ತೆಗೆಯುವ ಒಂದು ಫೋಟೊ ಕೂಡ ಎಷ್ಟೋ ಸಲ ಇದಕ್ಕಿಂತ ದೊಡ್ಡದಿರುತ್ತದೆ.

ಓಪನ್‌ಡಬ್ಲ್ಯೂಆರ್‌ಟಿ ಇದಕ್ಕೆ ಎರಡು ಪದರದ ವ್ಯವಸ್ಥೆ ಮಾಡಿತು. ಕೆಳಗೆ ಸ್ಕ್ವಾಶ್‌ಎಫ್‌ಎಸ್: ಗಟ್ಟಿಯಾಗಿ ಕುಗ್ಗಿಸಿದ, ಓದಲು ಮಾತ್ರ ಬರುವ ಫೈಲ್ ವ್ಯವಸ್ಥೆ. ಮೇಲೆ ಜೆಎಫ್‌ಎಫ್‌ಎಸ್2: ಬರೆಯಲು ಬರುವ ಪದರ. ನೀವು ಯಾವುದೇ ಫೈಲ್ ಬದಲಿಸಿದರೂ ಅದು ಮೇಲಿನ ಪದರದಲ್ಲಿ ಉಳಿಯುತ್ತದೆ. ದೇವರ ಪಟದ ಗಾಜಿನ ಮೇಲೆ ಕುಂಕುಮ ಇಟ್ಟ ಹಾಗೆ: ಒರೆಸಿದರೆ ಕೆಳಗಿನ ಪಟ ಹಾಗೇ ಇರುತ್ತದೆ. ಈ ವ್ಯವಸ್ಥೆಯಿಂದಲೇ ಫೇಲ್‌ಸೇಫ್ ಮೋಡ್ ಸಾಧ್ಯವಾಯಿತು. ಬೂಟ್ ಆಗುವಾಗ ಡಿಎಂಝಡ್ ಎಂದು ಬರೆದ ಲೈಟ್ ಹತ್ತಿದ ಕೂಡಲೇ ಬಟನ್ ಒತ್ತಿದರೆ ರೌಟರ್ ಮೇಲಿನ ಪದರವನ್ನು ಬಿಟ್ಟು ಕೆಳಗಿನದರಿಂದ ಮಾತ್ರ ಏಳುತ್ತಿತ್ತು. ಪಾಸ್‌ವರ್ಡ್ ಮರೆತಿದ್ದರೂ, ಫೈರ್‌ವಾಲ್‌ನಲ್ಲಿ ನಿಮ್ಮನ್ನೇ ಹೊರಗೆ ಹಾಕಿಕೊಂಡಿದ್ದರೂ ಒಳಗೆ ಹೋಗಿ ಸರಿ ಮಾಡಬಹುದು. ಇವತ್ತಿನ ಓಪನ್‌ಡಬ್ಲ್ಯೂಆರ್‌ಟಿಯಲ್ಲೂ ಇದೇ ಎರಡು ಪದರದ ಕ್ರಮ ಇದೆ.

ಒಂದು ತೊಡಕು ಮಾತ್ರ ಇತ್ತು. ಜೆಎಫ್‌ಎಫ್‌ಎಸ್2 ಪದರ ನಿಲ್ಲಬೇಕಾದರೆ ಕನಿಷ್ಠ ಐದು ಬ್ಲಾಕ್ ಬೇಕು. ಒಂದೊಂದು ಬ್ಲಾಕ್ 64 ಕೆಬಿ ಅಂದರೆ 320 ಕೆಬಿ ಅಲ್ಲೇ ಹೋಯಿತು. ಕೆಳಗಿನ ಪದರ ಸ್ವಲ್ಪ ದಪ್ಪ ಆದರೂ ಮೇಲಿನದಕ್ಕೆ ಜಾಗ ಇರುವುದಿಲ್ಲ. ಆಗ ಸೆಟ್ಟಿಂಗ್ ಎಲ್ಲ ರ್ಯಾಮ್‌ನಲ್ಲೇ ಉಳಿದು, ಕರೆಂಟ್ ಹೋದಾಗ ಅಳಿಸಿಹೋಗುತ್ತದೆ. "ರೀಬೂಟ್ ಮಾಡಿದರೆ ಎಲ್ಲ ಮರೆತುಬಿಡುತ್ತೆ" ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಕಾರಣ.

ರ್ಯಾಮ್ ಕಥೆ ಬೇರೆ. 16 ಎಂಬಿಯಲ್ಲಿ ಕರ್ನಲ್, ಡ್ರೈವರ್, ಡಿಎಚ್‌ಸಿಪಿ (ಐಪಿ ಹಂಚುವುದು), ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವುದು) ಎಲ್ಲ ಓಡಿ ಉಳಿದದ್ದರಲ್ಲಿ ಕನೆಕ್ಷನ್ ಪಟ್ಟಿ ಇರಬೇಕು. ಮನೆಯ ಒಂದೊಂದು ಕನೆಕ್ಷನ್ ಯಾರದ್ದು, ಎಲ್ಲಿಗೆ ಅಂತ ರೌಟರ್ ನೆನಪಿಡುವ ಪಟ್ಟಿ ಇದು. ಲಿನಕ್ಸ್‌ನಲ್ಲಿ ಒಮ್ಮೆ ಕೂಡಿದ ಟಿಸಿಪಿ ಕನೆಕ್ಷನ್ ಸುಮ್ನೆ ಇದ್ದರೆ ಅದನ್ನು ಪಟ್ಟಿಯಿಂದ ತೆಗೆಯುವ ಡಿಫಾಲ್ಟ್ ಅವಧಿ 4,32,000 ಸೆಕೆಂಡ್. ಅಂದರೆ ಐದು ದಿನ! ಸರ್ವರ್‌ಗೆ ಇದು ಸರಿ. ಟೊರೆಂಟ್ ಹಾಕಿದ ಮನೆಯಲ್ಲಿ ಸತ್ತ ಕನೆಕ್ಷನ್‌ಗಳಿಂದ ಪಟ್ಟಿ ತುಂಬಿ, ಹೊಸದಕ್ಕೆ ಜಾಗವಿಲ್ಲದೆ, ಇಂಟರ್ನೆಟ್ ನಿಂತ ಹಾಗೆ ಆಗುತ್ತಿತ್ತು. ರೌಟರ್ ಆಫ್ ಮಾಡಿ ಆನ್ ಮಾಡಿದರೆ ಸರಿ. ಹೊಸ ಫರ್ಮ್‌ವೇರ್‌ಗಳಲ್ಲಿ ಈ ಅವಧಿಯನ್ನು ಗಂಟೆಯ ಲೆಕ್ಕಕ್ಕೆ ಇಳಿಸಬಹುದಿತ್ತು, ಪಟ್ಟಿಯನ್ನು ದೊಡ್ಡದು ಮಾಡಬಹುದಿತ್ತು. ಎರಡು ಸಂಖ್ಯೆ ಬದಲಿಸಿದರೆ ಅದೇ ಡಬ್ಬಿ ತಿಂಗಳುಗಟ್ಟಲೆ ಆರಾಮಾಗಿ ಓಡುತ್ತಿತ್ತು. ಸೋರ್ಸ್ ಕೈಯಲ್ಲಿದ್ದರೆ ಏನು ಲಾಭ ಅಂತ ಕೇಳುವವರಿಗೆ ನಾನು ಕೊಡುವ ಮೊದಲ ಉದಾಹರಣೆ ಇದೇ.

ಕದಲದ ಡ್ರೈವರ್

ಲಿಂಕ್‌ಸಿಸ್ ಬಿಟ್ಟ ಸೋರ್ಸ್‌ನಲ್ಲಿ ಒಂದು ದೊಡ್ಡ ಕೊರತೆ ಇತ್ತು. ಬ್ರಾಡ್‌ಕಾಮ್‌ನ ವೈಫೈ ಡ್ರೈವರ್ ಬೈನರಿ ರೂಪದಲ್ಲೇ ಇತ್ತು. ವೈಫೈ ಭದ್ರತೆಯ ಡಬ್ಲ್ಯೂಪಿಎ ಕ್ರಮದಲ್ಲಿ ಪಾಸ್‌ವರ್ಡ್ ಪರಿಶೀಲಿಸುವ ನ್ಯಾಸ್ ಎಂಬ ಪ್ರೋಗ್ರಾಂ ಕೂಡ ಹಾಗೇ. ಆ ಬೈನರಿ ಲಿನಕ್ಸ್ 2.4 ಕರ್ನಲ್‌ಗೆ ಮಾತ್ರ ಕೂರುತ್ತಿತ್ತು.

ದಿನಾಂಕ ಗಮನಿಸಿ. ಲಿನಕ್ಸ್ 2.6 ಬಂದದ್ದು 2003ರ ಡಿಸೆಂಬರ್‌ನಲ್ಲಿ. ಓಪನ್‌ಡಬ್ಲ್ಯೂಆರ್‌ಟಿ ಶುರುವಾದದ್ದು ಅದರ ಮುಂದಿನ ತಿಂಗಳು. ಅಂದರೆ ಈ ಬೋರ್ಡ್ ಮೇಲಿನ ಓಪನ್‌ಡಬ್ಲ್ಯೂಆರ್‌ಟಿ ಹುಟ್ಟಿನಿಂದಲೇ ಹಿಂದಿನ ತಲೆಮಾರಿನ ಕರ್ನಲ್‌ಗೆ ಕಟ್ಟಿಬಿದ್ದಿತ್ತು. ಉಳಿದ ಎಲ್ಲ ಕೋಡ್ ತೆರೆದಿದ್ದರೂ ಪ್ರಯೋಜನ ಕಡಿಮೆ. ಒಂದು ಫೈಲ್ ಕದಲದಿದ್ದರೆ ಇಡೀ ವ್ಯವಸ್ಥೆ ಕದಲುವುದಿಲ್ಲ.

ಸ್ವತಂತ್ರ ಡೆವಲಪರ್‌ಗಳು ಬ್ರಾಡ್‌ಕಾಮ್ ಚಿಪ್‌ಗೆ ತಮ್ಮದೇ ಡ್ರೈವರ್ ಬರೆಯಲು ಹೊರಟರು. ಒಂದು ಗುಂಪು ಬೈನರಿಯನ್ನು ಬಿಡಿಸಿ ಚಿಪ್ ಹೇಗೆ ನಡೆಯುತ್ತದೆ ಅಂತ ವಿವರ ಬರೆಯಿತು. ಇನ್ನೊಂದು ಗುಂಪು ಬೈನರಿಯನ್ನು ಮುಟ್ಟದೆ ಆ ವಿವರ ಮಾತ್ರ ಓದಿ ಹೊಸ ಕೋಡ್ ಬರೆಯಿತು. ಕಾಪಿ ಹೊಡೆದರು ಅನ್ನುವ ಮಾತು ಬರಬಾರದು ಅಂತ ಈ ಮಡಿ. ಆ ಡ್ರೈವರ್ 2006ರಲ್ಲಿ 2.6.17 ಕರ್ನಲ್ ಸೇರಿತು. ಅದರ ಮುಂದಿನ ರೂಪವಾದ ಬಿ43 2008ರಲ್ಲಿ 2.6.24ರ ಜೊತೆ ಬಂತು. ಈ ಜನರ ತಾಳ್ಮೆಗೆ ಎಷ್ಟು ಕೈ ಮುಗಿದರೂ ಕಡಿಮೆ.

ಆದರೆ ಆ ಹೊತ್ತಿಗೆ ಕರ್ನಲ್ ದಪ್ಪವಾಗಿತ್ತು. ಹೊಸ ಕರ್ನಲ್, ಹೊಸ ವೈಫೈ ಪದರ, ಹೊಸ ಡ್ರೈವರ್ ಮೂರೂ ಸೇರಿದರೆ 16 ಎಂಬಿ ರ್ಯಾಮ್ ಉಸಿರು ಕಟ್ಟುತ್ತಿತ್ತು. ಹಳೆ ಕರ್ನಲ್‌ನಲ್ಲಿ ಉಳಿದರೆ ಡ್ರೈವರ್ ಮುಚ್ಚಿದ್ದು, ಹೊಸದಕ್ಕೆ ಹೋದರೆ ಮೆಮೊರಿ ಇಲ್ಲ. 2011ರ ಕೊನೆಗೆ ಬಂದ ಓಪನ್‌ಡಬ್ಲ್ಯೂಆರ್‌ಟಿಯ ಬ್ಯಾಕ್‌ಫೈರ್ 10.03.1 ಈ ಡಬ್ಬಿಗೆ ಹೊಂದುವ ಕೊನೆಯ ಆವೃತ್ತಿ ಅನ್ನಬಹುದು. 2013ರಲ್ಲಿ ಬಂದ 12.09ರಲ್ಲಿ 2.4 ಕರ್ನಲ್ ಬಿಟ್ಟರು.

ಇದರ ಪರಿಣಾಮ 2017ರ ಅಕ್ಟೋಬರ್‌ನಲ್ಲಿ ಕಣ್ಣಿಗೆ ಕಂಡಿತು. ಡಬ್ಲ್ಯೂಪಿಎ2ನಲ್ಲಿ ಕ್ರ್ಯಾಕ್ ಎಂಬ ದೋಷ ಬಯಲಾಯಿತು. ರೌಟರ್ ಅನ್ನು ರಿಪೀಟರ್ ಅಥವಾ ಕ್ಲೈಂಟ್ ಆಗಿ ಬಳಸುವವರಿಗೆ ಇದರ ಬಿಸಿ ಹೆಚ್ಚು. ಓಪನ್‌ಡಬ್ಲ್ಯೂಆರ್‌ಟಿಯಿಂದ ಆಗ ಬೇರೆಯಾಗಿದ್ದ ಎಲ್‌ಇಡಿಇ ಬಳಗ ಕೆಲವೇ ದಿನಗಳಲ್ಲಿ 17.01.4 ಬಿಡುಗಡೆ ಮಾಡಿ ದೋಷ ಸರಿಪಡಿಸಿತು. ಈ ಹಳೆ ಬೋರ್ಡ್‌ನಲ್ಲಿ ಅದೇ ಕೆಲಸ ಮಾಡುವ ನ್ಯಾಸ್‌ನ ಸೋರ್ಸ್ ನಮ್ಮ ಕೈಯಲ್ಲಿ ಇರಲೇ ಇಲ್ಲ.

ಅರ್ಧ ಮೆಮೊರಿ, ಆಮೇಲೆ ಎಲ್ ಮಾಡೆಲ್

2005ರ ಕೊನೆಗೆ ಲಿಂಕ್‌ಸಿಸ್ ಐದನೇ ಆವೃತ್ತಿ ತಂದಿತು. ಹೆಸರು, ಬಣ್ಣ ಅದೇ. ಒಳಗೆ ಫ್ಲ್ಯಾಶ್ 2 ಎಂಬಿ, ರ್ಯಾಮ್ 8 ಎಂಬಿ, ಲಿನಕ್ಸ್ ಬದಲು ವಿಎಕ್ಸ್‌ವರ್ಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ. ಕಡಿಮೆ ಮೆಮೊರಿ ಅಂದರೆ ಕಡಿಮೆ ಖರ್ಚು. ಅಂಗಡಿಯಲ್ಲಿ ಡಬ್ಬಿಯ ಕೆಳಗಿನ ಸ್ಟಿಕ್ಕರ್ ನೋಡದೆ ಕೊಂಡವರಿಗೆ ಓಪನ್‌ಡಬ್ಲ್ಯೂಆರ್‌ಟಿ ಇಲ್ಲವೇ ಇಲ್ಲ. ಡಿಡಿ-ಡಬ್ಲ್ಯೂಆರ್‌ಟಿಯ ಮೈಕ್ರೊ ಆವೃತ್ತಿಯನ್ನು ಅದರಲ್ಲೂ ತುರುಕುವ ದಾರಿಯನ್ನು ಮುಂದೆ ಜನ ಕಂಡುಹಿಡಿದರು. ಆದರೆ ಅಷ್ಟರಲ್ಲಿ ಹೆಚ್ಚಿಗೆ ಏನೂ ಮಾಡಲು ಬರುತ್ತಿರಲಿಲ್ಲ.

ಜೊತೆಗೇ ಹಳೆಯ 4 ಎಂಬಿ, 16 ಎಂಬಿ ಬೋರ್ಡ್ ಅನ್ನು ಡಬ್ಲ್ಯೂಆರ್‌ಟಿ54ಜಿಎಲ್ ಎಂಬ ಹೆಸರಿನಲ್ಲಿ ಸ್ವಲ್ಪ ಹೆಚ್ಚು ಬೆಲೆಗೆ ಮಾರಲು ಶುರು ಮಾಡಿತು. ಎಲ್ ಅಂದರೆ ಲಿನಕ್ಸ್. ಒತ್ತಾಯಕ್ಕೆ ಬಿಟ್ಟುಕೊಟ್ಟ ಸೋರ್ಸ್ ಮಾರಾಟದ ಸರಕಾಯಿತು. ಈ ಮಾಡೆಲ್ 2016ರಲ್ಲೂ ಮಾರಾಟವಾಗುತ್ತಿತ್ತು. ಹತ್ತು ವರ್ಷಕ್ಕೂ ಹೆಚ್ಚು! ಅಷ್ಟು ಹೊತ್ತಿಗೆ ಅದರ 54 ಎಂಬಿಪಿಎಸ್ ವೈಫೈ, 200 ಮೆಗಾಹರ್ಟ್ಸ್ ಪ್ರೊಸೆಸರ್ ಎರಡೂ ಹಳೆಯ ಕಾಲದವು. ಜನ ಕೊಂಡದ್ದು ನಂಬಿಕೆಗೆ.

ಧರ್ಮಶಾಲೆಯ ಬೆಟ್ಟದಲ್ಲಿ

ಭಾರತದಲ್ಲಿ ಈ ಡಬ್ಬಿಗೆ ಸಿಕ್ಕ ಒಳ್ಳೆಯ ಬಳಕೆ ಹಿಮಾಚಲದ ಧರ್ಮಶಾಲೆಯದು. 2005ರ ಜನವರಿಯಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ಬ್ಯಾಂಡ್ ಅನ್ನು ಹೊರಾಂಗಣ ಬಳಕೆಗೂ ಲೈಸೆನ್ಸ್‌ನಿಂದ ಮುಕ್ತ ಮಾಡಿತು. ಮುಂದಿನ ತಿಂಗಳೇ ಅಲ್ಲಿನ ಟಿಬೆಟನ್ ಸಮುದಾಯದ ಶಾಲೆ, ಸಂಸ್ಥೆಗಳನ್ನು ಜೋಡಿಸುವ ಮೆಶ್ ನೆಟ್‌ವರ್ಕ್ ಶುರುವಾಯಿತು. ಮಾರ್ಪಡಿಸಿದ ಡಬ್ಲ್ಯೂಆರ್‌ಟಿ54ಜಿ ಬೋರ್ಡ್‌ಗಳು, ಅವುಗಳ ಮೇಲೆ ಓಪನ್‌ಡಬ್ಲ್ಯೂಆರ್‌ಟಿ, ಹೊರಗೆ ಮಳೆ-ಬಿಸಿಲು ತಡೆಯುವ ಪೆಟ್ಟಿಗೆ, ಕೆಲವು ಕಡೆ ಸೋಲಾರ್. ಮೆಶ್ ಅಂದರೆ ಒಂದು ರೌಟರ್ ಇನ್ನೊಂದರ ಮಾತನ್ನು ಮುಂದಕ್ಕೆ ದಾಟಿಸುವ ವ್ಯವಸ್ಥೆ. ಕಂಪನಿಯ ಫರ್ಮ್‌ವೇರ್‌ನಲ್ಲಿ ಅದು ಇರಲೇ ಇಲ್ಲ. ಬರ್ಲಿನ್‌ನ ಫ್ರೈಫಂಕ್ ಬಳಗ ಕೂಡ ಇದೇ ಡಬ್ಬಿಗಳಿಂದ ಊರಿನ ಮನೆಗಳನ್ನು ಜೋಡಿಸಿತ್ತು.

ನಮ್ಮಲ್ಲಿ ತುಮಕೂರು ಬಳಿಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಕಟ್ಟಿರುವ ಸಮುದಾಯ ಮೆಶ್ ಕೂಡ ಇದೇ ವಂಶದ್ದು. ಬೋರ್ಡ್ ಬೇರೆ, ಕಾಲ ಬೇರೆ, ದಾರಿ ಅದೇ.

ಈಗ ಬೋರ್ಡ್ ಕೊಳ್ಳುವವರಿಗೆ

ಹಳೆ ಡಬ್ಬಿ ಮನೆಯಲ್ಲಿದ್ದರೆ ಕಲಿಯಲು ಇಟ್ಟುಕೊಳ್ಳಿ, ಮನೆಯ ಇಂಟರ್ನೆಟ್‌ಗೆ ಬೇಡ. ಹೊಸದು ಕೊಳ್ಳುವಾಗ ಓಪನ್‌ಡಬ್ಲ್ಯೂಆರ್‌ಟಿಯ ಹಾರ್ಡ್‌ವೇರ್ ಪಟ್ಟಿಯಲ್ಲಿ ಮಾಡೆಲ್ ಇದ್ದರೆ ಸಾಲದು, ಆವೃತ್ತಿ ಸಂಖ್ಯೆಯನ್ನೂ ನೋಡಿ. ಐದನೇ ಆವೃತ್ತಿಯ ಮೋಸ ಇಂದಿಗೂ ಬೇರೆ ಬೇರೆ ಹೆಸರಲ್ಲಿ ನಡೆಯುತ್ತಲೇ ಇದೆ. 4 ಎಂಬಿ ಫ್ಲ್ಯಾಶ್, 32 ಎಂಬಿ ರ್ಯಾಮ್‌ನ ಬೋರ್ಡ್ ಯಾರಾದರೂ ಪುಕ್ಕಟೆ ಕೊಟ್ಟರೂ ಹೊಸ ಆವೃತ್ತಿ ಹಿಡಿಯುವುದಿಲ್ಲ. 16 ಎಂಬಿ ಫ್ಲ್ಯಾಶ್, 128 ಎಂಬಿ ರ್ಯಾಮ್‌ಗಿಂತ ಕೆಳಗೆ ಹೋಗಬೇಡಿ. ವೈಫೈ ಚಿಪ್ ಯಾರದ್ದು, ಡ್ರೈವರ್ ಮುಖ್ಯ ಕರ್ನಲ್‌ನಲ್ಲಿ ಇದೆಯಾ ಅಂತ ಹುಡುಕಿ. ಮೀಡಿಯಾಟೆಕ್ ಚಿಪ್‌ನ ಬೋರ್ಡ್‌ಗಳು ಈ ವಿಷಯದಲ್ಲಿ ಈಗ ವಾಸಿ, ಬ್ರಾಡ್‌ಕಾಮ್ ವೈಫೈನದು ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ.

2024ರ ನವೆಂಬರ್‌ನಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಬಳಗ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಸಂಸ್ಥೆಯ ಜೊತೆ ಸೇರಿ ತನ್ನದೇ ಬೋರ್ಡ್ ತಂದಿತು: ಓಪನ್‌ಡಬ್ಲ್ಯೂಆರ್‌ಟಿ ಒನ್. ತಯಾರಿಸಿದ್ದು ಬನಾನಾ ಪೈ. 1 ಜಿಬಿ ರ್ಯಾಮ್, 256 ಎಂಬಿ ಫ್ಲ್ಯಾಶ್. ಅದಲ್ಲದೆ ಪ್ರತ್ಯೇಕವಾಗಿ 16 ಎಂಬಿಯ ಇನ್ನೊಂದು ಫ್ಲ್ಯಾಶ್ ಚಿಪ್, ಅದು ರಿಕವರಿಗೆ, ಅಂದರೆ ಕೆಟ್ಟ ಬೋರ್ಡ್ ಅನ್ನು ಮತ್ತೆ ಏಳಿಸಲು. ಮುಖ್ಯ ಫ್ಲ್ಯಾಶ್ ಪೂರ್ತಿ ಕೆಟ್ಟರೂ ಬೋರ್ಡ್ ಮೇಲಿನ ಒಂದು ಸ್ವಿಚ್ ತಿರುಗಿಸಿ ಇನ್ನೊಂದರಿಂದ ಏಳಿಸಬಹುದು. ಪಿಂಗ್ ಪುಟದ ತೂತಿನ ಮೂಲಕ ಮಾಡಿಕೊಳ್ಳುತ್ತಿದ್ದ ರಕ್ಷಣೆ ಇಲ್ಲಿ ಬೋರ್ಡ್‌ನಲ್ಲೇ ಇದೆ. ವೈಫೈ ಡ್ರೈವರ್ ಕೂಡ ತೆರೆದದ್ದು. ವೈಫೈ ಚಿಪ್‌ನ ಒಳಗೆ ಓಡುವ ಫರ್ಮ್‌ವೇರ್ ಮಾತ್ರ ಇಲ್ಲೂ ಬೈನರಿಯೇ. ಅಥೆರಾಸ್‌ನ 802.11ಎನ್ ಕಾಲದ ಎಟಿಎಚ್9ಕೆ ಚಿಪ್‌ಗಳಿಗೆ ಅಂಥ ಫರ್ಮ್‌ವೇರ್ ಹಾಕುವ ಅಗತ್ಯವೇ ಇರಲಿಲ್ಲ. ಆಮೇಲೆ ಬಂದ ವೇಗದ ಚಿಪ್‌ಗಳಲ್ಲಿ ಆ ಸೌಕರ್ಯ ಹೋಯಿತು.